ಖಾಸಗಿ ಜಮೀನಿನ ಯುದ್ಧಾವಶೇಷ ಗುಜರಿ ಪಾಲಾಗದಿರಲಿ

ಮಾನ್ಯ ಸಂಪಾದಕರೇ,

ನಮ್ಮ ಹೊಸನಗರ, ಸಾಗರ, ತೀರ್ಥಹಳ್ಳಿ ಸೀಮೆಯಲ್ಲಿ ಈಚಿನ ವರ್ಷಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ತೋಟ, ಬ್ಯಾಣ, ಹಾಳುಬಿದ್ದ ಬಾವಿಗಳ ಸುತ್ತ ಓಡಾಡುವವರು ಕಾಣಿಸಿಕೊಳ್ಳತೊಡಗಿದ್ದಾರೆ. ನಿಧಿಯಾಸೆಗೆ ಬಿದ್ದವರೂ ಅವರಲ್ಲಿದ್ದಾರೆ, ಹಳೆಯ ಕತ್ತಿ, ಕೋವಿ, ಗುಂಡುಗಳನ್ನು ಸಂಗ್ರಹಿಸುವ ಹವ್ಯಾಸದವರೂ ಇದ್ದಾರೆ. ರಾತ್ರಿ ಕದ್ದು ಅಗೆಯುವ ನಿಧಿಗಳ್ಳರ ಸುದ್ದಿ ನಮಗೆ ಹಳೆಯದು. ಆದರೆ ಈಗ ಹಗಲಿನಲ್ಲೇ ಮನೆಗೆ ಬಂದು, ಸಿಕ್ಕಿದ್ದರಲ್ಲಿ ಅರ್ಧ ನಿಮಗೆ ಎಂದು ಮಾತಾಡಿಕೊಂಡು, ಜಮೀನಿನ ಯಜಮಾನರ ಒಪ್ಪಿಗೆ ಪಡೆದೇ ಅಗೆಯುವವರು ಬರುತ್ತಿದ್ದಾರೆ. ಒಪ್ಪಿಗೆ ಕೊಡುವವರನ್ನು ನಾನು ದೂರುವುದಿಲ್ಲ. ಪಹಣಿ ತಮ್ಮ ಹೆಸರಿನಲ್ಲಿದೆ, ಕಂದಾಯ ತಾವು ಕಟ್ಟುತ್ತಿದ್ದೇವೆ, ತಮ್ಮ ಬಾವಿಯ ಹೂಳಿನಲ್ಲಿ ಏನಿದೆಯೆಂದು ನೋಡುವುದಕ್ಕೆ ಯಾರನ್ನು ಕೇಳಬೇಕು ಎಂಬ ಅವರ ಪ್ರಶ್ನೆ ಸಹಜವಾದದ್ದೇ. ಆ ಪ್ರಶ್ನೆಗೆ ಸರ್ಕಾರವಾಗಲಿ, ಇತಿಹಾಸ ಓದಿದ ನಾವಾಗಲಿ ಅವರಿಗೆ ಅರ್ಥವಾಗುವಂತೆ ಉತ್ತರ ಕೊಟ್ಟಿಲ್ಲವಾದ್ದರಿಂದ ಈ ಪತ್ರವನ್ನು ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ತಾಲ್ಲೂಕಿನ ಬಿದನೂರು ನಗರದ ಉದಾಹರಣೆಯಿಂದಲೇ ಹೊರಡುತ್ತೇನೆ. ಕೆಳದಿ ಅರಸರ ಕೊನೆಯ ರಾಜಧಾನಿಯಾಗಿದ್ದ ಈ ಊರನ್ನು ಹೈದರ್ ಅಲಿ 1763ರಲ್ಲಿ ಗೆದ್ದು ಹೈದರ್‌ನಗರವೆಂದು ಕರೆದ. ಇಂದು ನಾವು ನಗರ ಎಂದಷ್ಟೇ ಹೇಳುವುದು ಅದನ್ನೇ. 1783ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಇದನ್ನು ವಶಪಡಿಸಿಕೊಂಡ. ಕೆಲವೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿ ಕೋಟೆಯನ್ನು ಮರಳಿ ಪಡೆದ. ಇಷ್ಟೆಲ್ಲ ಕಾದಾಟ ಕಂಡ ನೆಲದಲ್ಲಿ ಮದ್ದುಗುಂಡಿನ ಕುರುಹು ಉಳಿದಿರುವುದು ಆಶ್ಚರ್ಯವಲ್ಲ. 2002ರಲ್ಲಿ ಇಲ್ಲಿನ ಪಾಳುಬಾವಿಯೊಂದರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು 160ಕ್ಕೂ ಹೆಚ್ಚು ಸಿಕ್ಕವು. ಅವು ಟಿಪ್ಪು ಕಾಲದ ಯುದ್ಧ ರಾಕೆಟ್‌ಗಳೆಂದು ಗುರುತಾಗಲು 2007ರವರೆಗೆ ಕಾಯಬೇಕಾಯಿತು. 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಬಾವಿಯ ಹೂಳನ್ನು ಕ್ರಮಬದ್ಧವಾಗಿ ತೆಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಬಾವಿಯ ಕೆಸರಿಗೆ ಕೋವಿಮದ್ದಿನ ವಾಸನೆಯಿದ್ದದ್ದೇ ಅಲ್ಲಿ ಇನ್ನಷ್ಟು ಅಗೆದು ನೋಡಲು ಪ್ರೇರಣೆಯಾಯಿತೆಂದು ಆಗ ವರದಿಯಾಗಿತ್ತು. ಎರಡು ಶತಮಾನಕ್ಕೂ ಮಿಗಿಲಾದ ಮಳೆಗಾಲಗಳನ್ನು ಕಂಡ ಮಲೆನಾಡಿನ ಬಾವಿಯೊಂದು ಆ ವಾಸನೆಯನ್ನು ಇಟ್ಟುಕೊಂಡಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋದವರು ಈ ರಾಕೆಟ್‌ಗಳನ್ನು ಹತ್ತಿರದಿಂದ ನೋಡಬೇಕು. ಮೊದಲ ನೋಟಕ್ಕೆ ಅವು ಏನೂ ಅಲ್ಲ. ಒಂದು ಗೇಣಿಗಿಂತ ತುಸು ಉದ್ದದ, ಕಂದುಗಟ್ಟಿದ, ಮೈಯೆಲ್ಲ ಹಕ್ಕಳೆ ಎದ್ದ ಕಬ್ಬಿಣದ ಕೊಳವೆ, ಅಷ್ಟೆ. ಸೂಕ್ಷ್ಮವಾಗಿ ನೋಡಿದರೆ ಒಂದು ತುದಿ ಮುಚ್ಚಿರುವುದೂ ಇನ್ನೊಂದು ತುದಿಯಲ್ಲಿ ಬೆಂಕಿ ಹೊರನುಗ್ಗಲು ಕಿರಿದಾದ ಬಾಯಿ ಇರುವುದೂ ಕಾಣುತ್ತದೆ. ಒಳಗೆ ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆಸಿದ ಮದ್ದನ್ನು ಒತ್ತಿ ತುಂಬಿ, ಕೊಳವೆಯನ್ನು ಉದ್ದನೆಯ ಬಿದಿರಿಗೆ ತೊಗಲಿನ ಪಟ್ಟಿಯಿಂದ ಬಿಗಿದು ಹಾರಿಸುತ್ತಿದ್ದರು. ಯೂರೋಪಿನ ರಾಕೆಟ್‌ಗಳಿಗೆ ಆಗ ಕಾಗದದ ರಟ್ಟಿನ ಕವಚವಿತ್ತು. ಮೈಸೂರಿನ ಕುಲುಮೆಗಳವರು ಕಬ್ಬಿಣದ ಕವಚ ಕೊಟ್ಟದ್ದರಿಂದ ಒಳಗಿನ ಒತ್ತಡವನ್ನು ತಡೆದುಕೊಂಡು ಅದು ಒಂದು ಕಿಲೋಮೀಟರಿಗೂ ಆಚೆ ಹಾರುವಂತಾಯಿತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಕಂಪನಿಯ ಪಡೆ ಇದರ ಹೊಡೆತ ಕಂಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಸಾಗಿಸಿದ ಮಾದರಿಗಳನ್ನು ಅಭ್ಯಾಸ ಮಾಡಿಯೇ ಅಲ್ಲಿನ ಶೋಧಕ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್‌ಗಳನ್ನು ರೂಪಿಸಿದ. ಅವುಗಳನ್ನು ಬ್ರಿಟಿಷರು 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಹಾರಿಸಿದರು. 2002ಕ್ಕೆ ಮೊದಲು ಇಂಥ ರಾಕೆಟ್ ನೋಡಬೇಕೆಂದರೆ ಲಂಡನ್ನಿನ ವೂಲ್ವಿಚ್ ಸಂಗ್ರಹಾಲಯದಲ್ಲಿದ್ದ ಒಂದೆರಡರ ಹೆಸರನ್ನೇ ಎಲ್ಲರೂ ಹೇಳುತ್ತಿದ್ದರು. ಇಂದು ಜಗತ್ತಿನ ಅತಿ ದೊಡ್ಡ ಸಂಗ್ರಹ ಶಿವಮೊಗ್ಗದಲ್ಲಿದೆ.

ಆ ಬಾವಿಗೆ ಇಲಾಖೆಯವರಿಗಿಂತ ಮುಂಚೆ ಡಿಟೆಕ್ಟರ್ ಹಿಡಿದವರು ಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ನಿಧಿ ಹುಡುಕುವವರಿಗೆ ಕಬ್ಬಿಣ ಬೇಡ. ಡಿಟೆಕ್ಟರಿನ ತಟ್ಟೆಯಲ್ಲಿರುವ ತಂತಿಸುರುಳಿಯು ಮಣ್ಣಿಗೆ ಕಾಂತಕ್ಷೇತ್ರವನ್ನು ಹಾಯಿಸುತ್ತದೆ. ಲೋಹ ಎದುರಾದರೆ ಅದರಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ, ಅದರ ಮಾರುತ್ತರವನ್ನು ಯಂತ್ರ ಹಿಡಿಯುತ್ತದೆ. ಕಬ್ಬಿಣದ ಉತ್ತರವೇ ಬೇರೆ, ತಾಮ್ರ, ಬೆಳ್ಳಿ, ಚಿನ್ನದ ಉತ್ತರವೇ ಬೇರೆ. ಆದ್ದರಿಂದ ಕಬ್ಬಿಣ ಸಿಕ್ಕಾಗ ಸದ್ದು ಮಾಡಬೇಡ ಎಂದು ಯಂತ್ರವನ್ನು ಹೊಂದಿಸಿಟ್ಟುಕೊಳ್ಳುವುದು ನಿಧಿ ಹುಡುಕುವವರ ಮೊದಲ ಕೆಲಸ. ಹಾಗೆ ಹೊಂದಿಸಿದ ಯಂತ್ರವು ರಾಕೆಟ್ ಹೂತ ನೆಲದ ಮೇಲೆ ಸುಮ್ಮನೆ ಹಾದುಹೋಗಬಹುದು, ಇಲ್ಲವೇ ದೊಡ್ಡ ರಾಶಿಯಾಗಿದ್ದರೆ ತಪ್ಪಾಗಿ ಸದ್ದು ಮಾಡಬಹುದು. ಸದ್ದು ಕೇಳಿ ಅಗೆದವರು ಚಿನ್ನ ಸಿಗದೆ ಕೊಳವೆಗಳನ್ನು ಬದಿಗೆಸೆದು, ಬಾವಿಯ ಗೋಡೆ ಕೆಡವಿ ಇನ್ನೂ ಕೆಳಗೆ ಇಳಿಯುತ್ತಾರೆ. ಎಸೆದ ಕೊಳವೆಗಳು ಮಳೆಗೆ ನೆಂದು ಪುಡಿಯಾಗುತ್ತವೆ, ಇಲ್ಲವೇ ಕಿಲೋ ಲೆಕ್ಕದಲ್ಲಿ ಗುಜರಿ ಅಂಗಡಿ ಸೇರುತ್ತವೆ. ಇದಕ್ಕೆ ನಮ್ಮ ಮಣ್ಣಿನ ಗುಣವೂ ಸೇರಿಕೊಳ್ಳುತ್ತದೆ. ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ ಕಬ್ಬಿಣದ ಅಂಶವೇ ಹೆಚ್ಚಾದ್ದರಿಂದ ಅಗ್ಗದ ಯಂತ್ರಗಳು ಬರಿಯ ಮಣ್ಣಿಗೇ ಸದ್ದು ಮಾಡುತ್ತವೆ. ಏನೂ ಇಲ್ಲದ ಜಾಗದಲ್ಲಿ ಗುಂಡಿ ತೋಡಿ ಅಡಿಕೆ ಮರದ ಬೇರು ಕಡಿದು, ಬಸಿಗಾಲುವೆ ಕೆಡಿಸಿ ಹೋದ ತೋಟಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬುಡ ಸಡಿಲಗೊಂಡ ಮರಗಳು ಮುಂದಿನ ಗಾಳಿಮಳೆಗೆ ಉರುಳಿದವು. ಅರ್ಧ ಪಾಲಿನ ಮಾತು ಕೊಟ್ಟಿದ್ದವರು ಆ ಹೊತ್ತಿಗೆ ಊರಲ್ಲಿರಲಿಲ್ಲ.

ಹವ್ಯಾಸಕ್ಕಾಗಿ ಯುದ್ಧಾವಶೇಷ ಹುಡುಕುವವರು ಇವರಂತಲ್ಲ ಎಂದು ಒಪ್ಪುತ್ತೇನೆ. ಅವರಿಗೆ ಕಬ್ಬಿಣದ ಮೇಲೂ ಸೀಸದ ಮೇಲೂ ಪ್ರೀತಿಯಿದೆ, ಓದಿಕೊಂಡಿರುತ್ತಾರೆ, ಸಿಕ್ಕಿದ್ದನ್ನು ಜೋಪಾನವಾಗಿಡುತ್ತಾರೆ. ಆದರೂ ಅವರಿಂದ ಆಗುವ ನಷ್ಟ ಕಡಿಮೆಯೇನಲ್ಲ, ಏಕೆಂದರೆ ಯುದ್ಧಭೂಮಿಯಲ್ಲಿ ಸಿಗುವ ಗುಂಡಿನ ಬೆಲೆಯೆಲ್ಲ ಅದು ಬಿದ್ದಿರುವ ಜಾಗದಲ್ಲಿದೆ. ಸರ್ವೆ ನಂಬರ್ ಅಳಿಸಿಹೋದ ಪಹಣಿ ಯಾವ ಜಮೀನಿನದು ಎಂದು ಹೇಳಲಾಗದಂತೆ, ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದು ಗೊತ್ತಿಲ್ಲದ ಗುಂಡಿನಿಂದ ಏನನ್ನೂ ಹೇಳಲಾಗದು. ಜಾಗ ಗೊತ್ತಿದ್ದರೆ ಒಂದು ಸೀಸದ ಗುಂಡೂ ಮಾತಾಡುತ್ತದೆ. ಹಾರಿಸಿದ ಗುಂಡು ಬಡಿದು ಚಪ್ಪಟೆಯಾಗಿರುತ್ತದೆ, ಸೈನಿಕನ ಕೈಯಿಂದ ಜಾರಿದ ಗುಂಡು ದುಂಡಗೆ ಉಳಿದಿರುತ್ತದೆ. ದುಂಡಗಿನವು ಸಾಲಾಗಿ ಸಿಕ್ಕ ಕಡೆ ಒಂದು ಪಡೆ ನಿಂತು ಕೋವಿ ತುಂಬುತ್ತಿತ್ತೆಂದೂ, ಚಪ್ಪಟೆಯಾದವು ಒತ್ತಾಗಿ ಸಿಕ್ಕ ಕಡೆ ಎದುರಾಳಿ ನಿಂತಿದ್ದನೆಂದೂ ತಿಳಿಯುತ್ತದೆ. ಗುಂಡಿನ ತೂಕ, ವ್ಯಾಸಗಳಿಂದ ಅದು ಯಾವ ಬಗೆಯ ಕೋವಿಯದೆಂದು ಲೆಕ್ಕ ಹಾಕಬಹುದು. ನಾಲ್ಕು ಗುಂಡನ್ನು ಆರಿಸಿ ಕಿಸೆಗೆ ಹಾಕಿಕೊಂಡರೆ ಈ ಸಾಲು ಕದಡಿಹೋಗುತ್ತದೆ. ಅದನ್ನು ಮತ್ತೆ ಕಟ್ಟಲು ಯಾವ ವಿದ್ವಾಂಸನಿಂದಲೂ ಆಗುವುದಿಲ್ಲ.

ಇಂಗ್ಲೆಂಡಿನ ಬಾಸ್ವರ್ತ್ ಯುದ್ಧಭೂಮಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1485ರ ಆಗಸ್ಟ್ 22ರಂದು ಮೂರನೆಯ ರಿಚರ್ಡ್ ದೊರೆ ಅಲ್ಲಿ ಮಡಿದ. ಯುದ್ಧ ನಡೆದದ್ದು ಆಂಬಿಯನ್ ಗುಡ್ಡದ ಮೇಲೆಂದು ಬಹುಕಾಲ ನಂಬಿ, ಅಲ್ಲಿಯೇ ಪ್ರವಾಸಿ ಕೇಂದ್ರವನ್ನೂ ಕಟ್ಟಿದ್ದರು. 2005ರಿಂದ ಪುರಾತತ್ವಜ್ಞ ಗ್ಲೆನ್ ಫೋರ್ಡ್ ಅವರ ತಂಡವು ಸುತ್ತಲಿನ ರೈತರ ಹೊಲಗಳಲ್ಲಿ ಅವರ ಒಪ್ಪಿಗೆ ಪಡೆದು, ಪಳಗಿದ ಡಿಟೆಕ್ಟರ್ ಹವ್ಯಾಸಿಗಳನ್ನು ಜೊತೆಗಿಟ್ಟುಕೊಂಡು, ಸಾಲು ಹಿಡಿದು ನಡೆಯುತ್ತ, ಪ್ರತಿ ಸದ್ದಿನ ಜಾಗವನ್ನೂ ಅಳೆದು ನಕ್ಷೆಗೆ ಏರಿಸುತ್ತ ಹೋಯಿತು. ವರ್ಷಗಟ್ಟಲೆ ನಡೆದ ಕೆಲಸವದು, ಬಹುಪಾಲು ದಿನಗಳಲ್ಲಿ ಸಿಕ್ಕಿದ್ದು ಹಳೆಯ ಮೊಳೆ, ಲಾಳದ ಚೂರುಗಳೇ ಇದ್ದಿರಬೇಕು. ಕೊನೆಗೆ ಗುಡ್ಡದಿಂದ ಸುಮಾರು ಮೂರು ಕಿಲೋಮೀಟರ್ ದೂರದ ತಗ್ಗಿನಲ್ಲಿ ಸೀಸದ ಫಿರಂಗಿ ಗುಂಡುಗಳು ಒಂದೊಂದಾಗಿ ಸಿಗತೊಡಗಿ, 30ಕ್ಕೂ ಹೆಚ್ಚಾದವು. ಹಳೆಯ ಜೌಗು ನೆಲದ ಅಂಚಿನಲ್ಲಿ ಬೆಳ್ಳಿಯ ಪುಟ್ಟ ಕಾಡುಹಂದಿಯ ಲಾಂಛನವೂ ಸಿಕ್ಕಿತು. ಕಾಡುಹಂದಿ ರಿಚರ್ಡ್ ದೊರೆಯ ಚಿಹ್ನೆ, ಅವನ ಹತ್ತಿರದವರು ಧರಿಸುತ್ತಿದ್ದದ್ದು. ಆ ಹೊಲಗಳಲ್ಲಿ ಮೊದಲೇ ಯಾರೋ ಬಂದು ಆರಿಸಿಕೊಂಡು ಹೋಗಿದ್ದರೆ, ಆ ಲಾಂಛನ ಯಾವುದೋ ಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು, ಯುದ್ಧಭೂಮಿ ಇಂದಿಗೂ ತಪ್ಪು ಗುಡ್ಡದ ಮೇಲೆಯೇ ಉಳಿದಿರುತ್ತಿತ್ತು. ಅದೇ ಯಂತ್ರ, ಅದೇ ಹವ್ಯಾಸಿಗಳು, ಅದೇ ಖಾಸಗಿ ಹೊಲ. ಬೇರೆಯಾಗಿದ್ದದ್ದು ಕೆಲಸ ನಡೆದ ಕ್ರಮ ಮತ್ತು ಅದನ್ನು ಬರೆದಿಟ್ಟುಕೊಂಡ ಶಿಸ್ತು.

ಇಂಥ ಕೆಲಸ ನಡೆಯಬೇಕಾದ ನೆಲ ನಮ್ಮಲ್ಲಿ ಎಷ್ಟಿದೆ! 1791ರ ಮೇ ತಿಂಗಳಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣ ಸಮೀಪದ ಅರಕೆರೆಯ ಬಳಿ ಟಿಪ್ಪುವಿನ ಸೇನೆಯೊಡನೆ ಕಾದಿ, ಎತ್ತುಗಳು ಸತ್ತು, ಮಳೆ ಹಿಡಿದು, ಮುತ್ತಿಗೆಗೆಂದು ತಂದ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ದೊಡ್ಡ ಕಾಳಗ ನಡೆಯಿತು. ಅದೇ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನಲ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿಯ ಪಡೆ ಕತ್ತಲೆಯಲ್ಲಿ ದಾರಿ ತಪ್ಪಿ, ರಾಕೆಟ್ ಮತ್ತು ಕೋವಿಗಳ ಹೊಡೆತಕ್ಕೆ ಸಿಕ್ಕಿ ಹಿಮ್ಮೆಟ್ಟಿತು. ಮೇ 4ರಂದು ಕೋಟೆ ಬಿತ್ತು. ಕೋಟೆಯ ಗೋಡೆ, ಗುಂಬಜ್, ದರಿಯಾ ದೌಲತ್‌ಗಳು ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿವೆ. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ವಲಯ. ಆದರೆ ಯುದ್ಧ ನಡೆಯುವುದು ಗೋಡೆಯಿಂದ ಮುನ್ನೂರು ಮೀಟರಿನೊಳಗೆ ಮಾತ್ರವಲ್ಲ. ಸೇನೆಗಳು ಬೀಡುಬಿಟ್ಟ, ಸಾಲುಗಟ್ಟಿ ನಿಂತ, ಬಿದ್ದವರನ್ನು ಹೂತ ನೆಲವೆಲ್ಲ ಇಂದು ಕಬ್ಬಿನ ಗದ್ದೆ, ಭತ್ತದ ಗದ್ದೆ, ತೆಂಗಿನ ತೋಟ, ಬಡಾವಣೆ. ಅದೆಲ್ಲವೂ ರೈತರ ಖಾಸಗಿ ಆಸ್ತಿ. ಹಾಗಿರುವುದರಲ್ಲಿ ತಪ್ಪೇನಿಲ್ಲ, ಉಳುವ ನೆಲವನ್ನು ಸ್ಮಾರಕವೆಂದು ಘೋಷಿಸಿ ಬೇಲಿ ಹಾಕಿ ಎಂದು ಯಾರೂ ಕೇಳುತ್ತಿಲ್ಲ. ಆ ನೆಲದ ರೈತರಿಗೆ ಅಲ್ಲಿ ಏನು ನಡೆಯಿತೆಂದು ಒಬ್ಬ ಅಧಿಕಾರಿಯಾದರೂ ಹೋಗಿ ಹೇಳಬೇಕಿತ್ತು ಎಂದಷ್ಟೇ ನನ್ನ ಅಳಲು.

ಕಾನೂನಿನ ಸ್ಥಿತಿ ಬಹಳ ಜನರಿಗೆ ತಿಳಿದಿಲ್ಲವಾದ್ದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ನೂರು ವರ್ಷ ಮೀರಿದ ಇಂಥ ವಸ್ತುಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಪುರಾವಸ್ತುಗಳಾಗುತ್ತವೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ನೆಲದಲ್ಲಿ ಹುದುಗಿದ್ದು ಸಿಕ್ಕಾಗ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ಕರ್ನಾಟಕಕ್ಕೆ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಬಂದಿದೆ. ಪುರಾತತ್ವದ ಉದ್ದೇಶಕ್ಕೆ ಉತ್ಖನನ ನಡೆಸಬೇಕಾದರೆ ರಾಜ್ಯ ಸರ್ಕಾರವೇ, ಸಂರಕ್ಷಿತವಲ್ಲದ ಜಾಗದಲ್ಲಿಯೂ, ಕೇಂದ್ರದ ಪೂರ್ವಾನುಮತಿ ಪಡೆಯಬೇಕೆಂದು 1958ರ ಸ್ಮಾರಕಗಳ ಕಾಯ್ದೆಯಲ್ಲಿದೆ. ಸರ್ಕಾರಕ್ಕೇ ಇಲ್ಲದ ಸ್ವಾತಂತ್ರ್ಯ, ಗುದ್ದಲಿ, ಪಿಕಾಸಿ, ಯಂತ್ರ ಹೊತ್ತು ಬಂದವರಿಗೆ ಜಮೀನಿನ ಯಜಮಾನರ ಬಾಯಿಮಾತಿನಿಂದ ಸಿಗಲಾರದು. ಅರ್ಧ ಪಾಲಿನ ಒಪ್ಪಂದಕ್ಕೆ ಕೈಹಾಕುವ ಮುನ್ನ ನಮ್ಮ ರೈತರು ಇದನ್ನು ತಿಳಿದಿರಬೇಕು. ನಾಳೆ ಪ್ರಕರಣ ದಾಖಲಾದರೆ ಬಂದವರು ಸಿಗುವುದಿಲ್ಲ, ಠಾಣೆಗೆ ಅಲೆಯಬೇಕಾದವರು ಜಮೀನಿನವರೇ.

ಆದರೆ ಕಾನೂನನ್ನು ಹೇಳಿ ಹೆದರಿಸಿದರೆ ಸಾಲದು, ಆ ಹೆದರಿಕೆಯೇ ಅರ್ಧ ಅನಾಹುತಕ್ಕೆ ಕಾರಣ. ಬಾವಿ ಹೂಳೆತ್ತುವಾಗ, ಅಡಿಪಾಯ ತೋಡುವಾಗ ಕಬ್ಬಿಣದ ಗುಂಡೋ, ಕತ್ತಿಯ ತುಂಡೋ ಸಿಕ್ಕರೆ ಅದನ್ನು ಯಾರಿಗೂ ಹೇಳಬೇಡಿ ಎಂದು ಹಿರಿಯರೇ ಮನೆಮಂದಿಗೆ ಹೇಳುತ್ತಾರೆ. ಹೇಳಿದರೆ ಮಹಜರು, ಪಂಚನಾಮೆ, ಕಚೇರಿಯಿಂದ ಕಚೇರಿಗೆ ಅಲೆದಾಟ, ಅಡಿಪಾಯದ ಕೆಲಸ ನಿಂತುಹೋಗುವ ಭಯ, ಜಮೀನೇ ಕೈತಪ್ಪುತ್ತದೆಂಬ ಗಾಳಿಮಾತು. ಇವುಗಳಿಗೆ ಅಂಜಿ ಸಿಕ್ಕಿದ್ದನ್ನು ಮತ್ತೆ ಹೂಳುವವರಿದ್ದಾರೆ, ಹೊಳೆಗೆ ಹಾಕುವವರಿದ್ದಾರೆ, ಗುಜರಿಯವರಿಗೆ ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಫಿರಂಗಿ ಗುಂಡನ್ನು ಬಾಗಿಲಿಗೆ ಆನಿಸಿಡುವುದಕ್ಕೆ, ತೂಕದ ಕಲ್ಲಿಗೆ ಬಳಸಿದ್ದೂ ಉಂಟು. ಅದರಲ್ಲಿ ದುರಾಸೆಯಿಲ್ಲ, ತಿಳಿವಳಿಕೆಯ ಕೊರತೆಯಿದೆ. 1878ರ ಕಾಯ್ದೆಯಲ್ಲಿ ಒಡೆಯರಿಲ್ಲದ ನಿಧಿಗೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಸಿಕ್ಕವರಿಗೆ ನಾಲ್ಕರಲ್ಲಿ ಮೂರು ಪಾಲು, ಜಾಗದ ಒಡೆಯರಿಗೆ ಒಂದು ಪಾಲು ಎಂಬ ಲೆಕ್ಕವಿದೆ. ಆ ಲೆಕ್ಕ ಚಿನ್ನ ಬೆಳ್ಳಿಗೆ ಹೊಂದುತ್ತದೆ. ತುಕ್ಕು ಹಿಡಿದ ರಾಕೆಟ್ ಕೊಳವೆಗೆ ಪೇಟೆಯಲ್ಲಿ ಬೆಲೆಯೇ ಇಲ್ಲದಿರುವಾಗ ಪಾಲು ಯಾವುದರಲ್ಲಿ? ಇತಿಹಾಸದ ಮಟ್ಟಿಗೆ ಚಿನ್ನದ ಹಣಕ್ಕಿಂತ ಹೆಚ್ಚು ಬಾಳುವ ವಸ್ತುವನ್ನು ನಿಷ್ಠೆಯಿಂದ ಒಪ್ಪಿಸಿದವರಿಗೆ ಕೊನೆಗೆ ಉಳಿಯುವುದು ಕೆಟ್ಟುಹೋದ ತೋಟ ಮಾತ್ರ ಎಂದಾಗಬಾರದು.

ಅಪಾಯದ ಮಾತನ್ನು ಬಿಡುವಂತಿಲ್ಲ. ಹಳೆಯ ಮದ್ದು ಸತ್ತಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನೀರು ಹೊಕ್ಕ ಮದ್ದಿನಲ್ಲಿ ಪೆಟ್ಲುಪ್ಪು ಕರಗಿಹೋಗಿ ಅದು ನಿಷ್ಕ್ರಿಯವಾಗುವುದು ಹೌದು. ಆದರೆ ಬಾಯಿ ಬಿಗಿಯಾಗಿ ಮುಚ್ಚಿದ ಗುಂಡಿನೊಳಗೆ ಅದು ಒಣಗಿಯೇ ಉಳಿದಿರಬಹುದು, ಯಾವುದು ಯಾವ ಸ್ಥಿತಿಯಲ್ಲಿದೆಯೆಂದು ಹೊರಗಿನಿಂದ ನೋಡಿ ಹೇಳಲಾಗದು. ಅಮೆರಿಕದ ವರ್ಜೀನಿಯಾದಲ್ಲಿ 2008ರಲ್ಲಿ, ಅಂತರ್ಯುದ್ಧ ಕಾಲದ ಅವಶೇಷಗಳನ್ನು ಸಂಗ್ರಹಿಸುತ್ತಿದ್ದ ಅನುಭವಿಯೊಬ್ಬರು ತಮ್ಮ ಮನೆಯ ಅಂಗಳದಲ್ಲಿ ಹಳೆಯ ಫಿರಂಗಿ ಗುಂಡನ್ನು ಸ್ವಚ್ಛಗೊಳಿಸುತ್ತಿದ್ದಾಗ ಅದು ಸಿಡಿದು ಪ್ರಾಣ ಕಳೆದುಕೊಂಡರು. ಆ ಯುದ್ಧ ಮುಗಿದು ಆಗ 140 ವರ್ಷ ದಾಟಿತ್ತು. ನಮ್ಮಲ್ಲಿ ಸಿಕ್ಕಿದ್ದನ್ನು ಮೊದಲು ಮಾಡುವುದೇ ಕಲ್ಲಿಗೆ ಕುಟ್ಟಿ ನೋಡುವುದು, ಆಮೇಲೆ ಗ್ರೈಂಡರ್ ಹಿಡಿದು ತುಕ್ಕು ತೆಗೆಯುವುದು. ಎರಡೂ ಪ್ರಾಣಕ್ಕೆ ಎರವಾಗಬಹುದು. ಟೊಳ್ಳೆನಿಸುವ, ತೂತಿರುವ, ಕೊಳವೆಯಂಥ ಯಾವುದೇ ಲೋಹದ ವಸ್ತು ಸಿಕ್ಕರೂ ಅಲ್ಲೇ ಬಿಟ್ಟು, ಮಕ್ಕಳನ್ನು ದೂರವಿರಿಸಿ, 112ಕ್ಕೆ ಕರೆ ಮಾಡುವುದೇ ಸರಿಯಾದ ದಾರಿ.

ಸಿಡಿಯದಿದ್ದರೂ ತಿಕ್ಕುವುದರಿಂದ ವಸ್ತು ಕೆಡುತ್ತದೆ. ಕೆಸರಿನಲ್ಲಿ ಗಾಳಿಯಾಡದೆ ಇದ್ದ ಕಬ್ಬಿಣ ಒಂದು ಹದಕ್ಕೆ ಬಂದು ನಿಂತಿರುತ್ತದೆ. ಹೊರತೆಗೆದು ಒಣಗಿಸಿದೊಡನೆ ಒಳಗಿನ ಲವಣಗಳಿಗೆ ಗಾಳಿ ತಗುಲಿ, ಕೆಲವೇ ತಿಂಗಳಲ್ಲಿ ಪದರ ಪದರವಾಗಿ ಉದುರತೊಡಗುತ್ತದೆ. ಸೀಮೆಎಣ್ಣೆ, ಆಸಿಡ್, ಉಪ್ಪುಕಾಗದ ಹಾಕಿ ಹೊಳಪು ಬರಿಸಿದರೆ ಮೇಲಿನ ತುಕ್ಕಿನ ಪದರದಲ್ಲಿ ಅಚ್ಚಾಗಿ ಉಳಿದಿದ್ದ ಬಿದಿರಿನ ಗುರುತು, ತೊಗಲಿನ ನೂಲು, ಅಕ್ಷರದ ಮುದ್ರೆ ಎಲ್ಲವೂ ಹೋಗುತ್ತವೆ. ಅದೇ ಕೆಸರಿನೊಂದಿಗೆ ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟು ತಜ್ಞರಿಗೆ ಕಾಯಬೇಕು.

ಹಾಗಾದರೆ ಮಾಡಬೇಕಾದ್ದೇನು? ಫ್ರಾನ್ಸಿನಲ್ಲಿ 1989ರ ಕಾನೂನಿನಂತೆ ಪುರಾವಸ್ತು ಹುಡುಕಲು ಡಿಟೆಕ್ಟರ್ ಬಳಸಬೇಕಾದರೆ, ಜಮೀನಿನ ಯಜಮಾನರು ಒಪ್ಪಿದ್ದರೂ, ಸರ್ಕಾರದ ಅನುಮತಿ ಬೇಕು. ಐರ್ಲೆಂಡಿನಲ್ಲಿ 1987ರಿಂದ ಇಂಥದೇ ಬಿಗಿ ಇದೆ. ಇಂಗ್ಲೆಂಡು ಸಡಿಲ ದಾರಿ ಹಿಡಿದು, 1996ರ ನಿಧಿ ಕಾಯ್ದೆಯ ಜೊತೆಗೆ, ಸಿಕ್ಕ ಸಣ್ಣಪುಟ್ಟ ವಸ್ತುಗಳನ್ನೂ ಜನರು ತಾವಾಗಿ ತಂದು ದಾಖಲಿಸುವ ವ್ಯವಸ್ಥೆಯನ್ನು 1997ರಲ್ಲಿ ಆರಂಭಿಸಿತು. ಜಿಲ್ಲೆ ಜಿಲ್ಲೆಗೂ ಅದಕ್ಕೆಂದೇ ಅಧಿಕಾರಿಗಳಿದ್ದಾರೆ. ವಸ್ತುವನ್ನು ನೋಡಿ, ಜಾಗವನ್ನು ಬರೆದುಕೊಂಡು, ಕಾಯ್ದೆಯಡಿ ಬಾರದ ವಸ್ತುವನ್ನು ತಂದವರಿಗೇ ಮರಳಿಸುತ್ತಾರೆ. ನಮ್ಮಲ್ಲಿ ಅಷ್ಟು ಅಧಿಕಾರಿಗಳಿಲ್ಲದ ಕಾರಣ ಇಂಗ್ಲೆಂಡಿನ ಸಡಿಲಿಕೆ ನಮಗೆ ಒಗ್ಗದು. ಫ್ರಾನ್ಸಿನ ಬಿಗಿಯನ್ನೂ ಇಂಗ್ಲೆಂಡಿನ ದಾಖಲಾತಿಯ ಸೌಜನ್ಯವನ್ನೂ ಕೂಡಿಸಿದ ನಿಯಮವೊಂದನ್ನು ರಾಜ್ಯ ಸರ್ಕಾರ ರೂಪಿಸಬೇಕೆಂದು ನನ್ನ ಕೋರಿಕೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ಡಿಟೆಕ್ಟರ್ ಯಾರಿಗೆ ಬೇಕಾದರೂ ಸಿಗುತ್ತದೆ, ಮಾರಾಟ ತಡೆಯುವುದು ಕಷ್ಟ. ಆದರೆ ಕೋಟೆ, ಹಳೆಯ ಪೇಟೆ, ಯುದ್ಧಭೂಮಿಗಳೆಂದು ಗುರುತಿಸಿದ ಗ್ರಾಮಗಳಲ್ಲಿ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಅದನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಬಹುದು.

ಅದಕ್ಕಿಂತ ಮುಖ್ಯವಾದದ್ದು ರೈತರಿಗೆ ಕೊಡಬೇಕಾದ ಭರವಸೆ. ಉಳುವಾಗ, ಹೂಳೆತ್ತುವಾಗ ಆಕಸ್ಮಿಕವಾಗಿ ಸಿಕ್ಕಿದ್ದನ್ನು ತಿಳಿಸಿದವರ ಮೇಲೆ ಯಾವ ಪ್ರಕರಣವೂ ಆಗುವುದಿಲ್ಲ, ಜಮೀನಿನ ಹಕ್ಕಿಗೆ ಧಕ್ಕೆಯಿಲ್ಲ, ಗೊತ್ತುಪಡಿಸಿದ ದಿನಗಳೊಳಗೆ ಇಲಾಖೆಯವರು ಬಂದು ನೋಡಿ ಕೆಲಸ ಮುಂದುವರಿಸಲು ಬಿಡುತ್ತಾರೆ, ಅಗೆತದಿಂದಾದ ಬೆಳೆನಷ್ಟಕ್ಕೆ ಪರಿಹಾರವಿದೆ, ಒಪ್ಪಿಸಿದ ವಸ್ತುವಿಗೆ ಲೋಹದ ತೂಕ ನೋಡದೆ ಇತಿಹಾಸದ ತೂಕ ನೋಡಿ ಗೌರವಧನವಿದೆ ಎಂದು ಸರ್ಕಾರಿ ಆದೇಶವೇ ಹೇಳಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ವಸ್ತು ಸಂಗ್ರಹಾಲಯ ಸೇರಿದಾಗ ಅದರ ಕೆಳಗಿನ ಫಲಕದಲ್ಲಿ ಊರಿನ ಹೆಸರನ್ನೂ, ಕೊಟ್ಟವರು ಒಪ್ಪಿದರೆ ಅವರ ಹೆಸರನ್ನೂ ಬರೆಯಬೇಕು. ಗ್ರಾಮದವರು ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗಿ ಇದು ನಮ್ಮೂರಿನ ಬಾವಿಯದು ಎಂದು ತೋರಿಸುವಂತಾದರೆ, ಆ ಊರಿಗೆ ಡಿಟೆಕ್ಟರ್ ಹಿಡಿದು ಬಂದವರನ್ನು ಊರವರೇ ವಿಚಾರಿಸಿಕೊಳ್ಳುತ್ತಾರೆ.

ಪ್ರಾಮಾಣಿಕ ಹವ್ಯಾಸಿಗಳನ್ನೂ ದೂರವಿಡಬಾರದು. ಯಂತ್ರದ ಸದ್ದಿನಿಂದಲೇ ಮಣ್ಣಿನೊಳಗಿನದು ಮೊಳೆಯೋ ಗುಂಡೋ ಎಂದು ಹೇಳಬಲ್ಲವರು ನಮ್ಮ ಇಲಾಖೆಗಳಲ್ಲಿ ಹೆಚ್ಚಿಲ್ಲ. ಅಂಥವರನ್ನು ನೋಂದಾಯಿಸಿ, ತರಬೇತಿ ಕೊಟ್ಟು, ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳ ಜೊತೆ ಮಳವಳ್ಳಿಯಲ್ಲೋ ಅರಕೆರೆಯಲ್ಲೋ, ಕಟಾವಾದ ಮೇಲೆ, ರೈತರ ಒಪ್ಪಿಗೆಯೊಂದಿಗೆ, ಬಾಸ್ವರ್ತ್ ಮಾದರಿಯ ಒಂದು ಸಮೀಕ್ಷೆ ಕೈಗೊಂಡರೆ ಅದು ಕರ್ನಾಟಕದಲ್ಲಿ ಹೊಸ ದಾರಿಯನ್ನೇ ತೆರೆಯುತ್ತದೆ. ಇವರ ಬಳಿ ಈಗಾಗಲೇ ಇರುವ ವಸ್ತುಗಳ ಬಗ್ಗೆಯೂ ಒಂದು ಬಾರಿಗೆ ಅವಕಾಶ ಕೊಟ್ಟು, ಎಲ್ಲಿ ಸಿಕ್ಕಿತೆಂಬ ನೆನಪು ಮಾಸುವ ಮುನ್ನ ಬರೆಸಿಕೊಳ್ಳಬೇಕು. ಸಿಕ್ಕವರು ತೀರಿಕೊಂಡ ಮೇಲೆ ಮಕ್ಕಳಿಗೆ ಅದು ಬರಿಯ ಹಳೆಯ ಕಬ್ಬಿಣ.

ಮಲೆನಾಡಿನಲ್ಲಿ ಬಾವಿಗಳ ಹೂಳೆತ್ತುವುದು ಮಾರ್ಚಿಯಿಂದ ಮೇ ತಿಂಗಳವರೆಗೆ, ನೀರು ತಳ ಸೇರಿದಾಗ. ಹೊಸ ಕಾಯ್ದೆ ಬರುವುದಕ್ಕೆ ವರ್ಷಗಳು ಹಿಡಿಯಬಹುದು. ಬರುವ ಬೇಸಿಗೆಗೆ ಮುಂಚೆ ಶಿವಮೊಗ್ಗ ಮತ್ತು ಮಂಡ್ಯ ಜಿಲ್ಲಾಡಳಿತಗಳು ಕನಿಷ್ಠ ಒಂದು ಕೆಲಸವನ್ನಾದರೂ ಮಾಡಲಿ: ನಗರ, ಕವಲೇದುರ್ಗ, ಶ್ರೀರಂಗಪಟ್ಟಣ, ಅರಕೆರೆ, ಮಳವಳ್ಳಿ ಭಾಗದ ಪ್ರತಿ ಗ್ರಾಮ ಪಂಚಾಯಿತಿಯ ಫಲಕದ ಮೇಲೆ, ಹಳೆಯ ಲೋಹದ ವಸ್ತು ಸಿಕ್ಕರೆ ಮುಟ್ಟದೆ ಯಾರಿಗೆ ತಿಳಿಸಬೇಕೆಂಬುದನ್ನು ಪುರಾತತ್ವ ಇಲಾಖೆಯ ಜಿಲ್ಲಾ ಅಧಿಕಾರಿಯ ದೂರವಾಣಿ ಸಂಖ್ಯೆಯೊಂದಿಗೆ ದೊಡ್ಡ ಅಕ್ಷರಗಳಲ್ಲಿ ಬರೆಸಲಿ, ಜೆಸಿಬಿ ಚಾಲಕರಿಗೂ ಬಾವಿ ಕೆಲಸದವರಿಗೂ ಗುಜರಿ ಅಂಗಡಿಯವರಿಗೂ ಅದರ ಪ್ರತಿಯನ್ನು ತಲುಪಿಸಲಿ.

ಇತಿ,
ನಿವೃತ್ತ ಇತಿಹಾಸ ಅಧ್ಯಾಪಕ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ